ಹತ್ತನೆಯ ಕಾಂಡದ ಮೌನ

ಜೂನ್ 9

ಅಕ್ಕ,

ಅಂಚೆಯವನು ದಪ್ಪದೊಂದು ಕಟ್ಟು ತಂದುಕೊಟ್ಟರೆ ಗಾಬರಿಯಾಗಬೇಡ, ಅದು ನನ್ನದೇ ಕಿತಾಪತಿ. ಹಳೆಯ ಇಂಗ್ಲಿಷ್ ಮಹಾಕಾವ್ಯವೊಂದರ ಜೆರಾಕ್ಸ್. ಒಟ್ಟು ಹನ್ನೆರಡು ಕಾಂಡ. ಬರೆದವನನ್ನು ಅವನ ಭಾಷೆಯವರೇ ಮರೆತಿದ್ದಾರೆ, ಅದಕ್ಕೇ ನನ್ನ ಪ್ರಬಂಧಕ್ಕೆ ಸಿಕ್ಕಿತು. ಎಲ್ಲರಿಗೂ ಗೊತ್ತಿರುವ ಕಾವ್ಯಗಳ ಮೇಲೆ ಉಳಿದವರು ಆಗಲೇ ಟವೆಲ್ ಹಾಕಿ ಸೀಟು ಹಿಡಿದಿದ್ದಾರೆ.

ಪ್ರಬಂಧ ಮಾಡಿಸುವ ಮೇಷ್ಟ್ರು ಹೇಳಿದ ಕಥೆ ಇಷ್ಟು, ಕೊನೆ ಅವರಿಗೂ ಮರೆತಿದೆ. ಸ್ವರ್ಗದ ಬಾಗಿಲು ಕಾಯುವ ದೂತನೊಬ್ಬ ಒಂದು ರಾತ್ರಿ ಬಾಗಿಲು ತೆರೆದೇ ಬಿಡುತ್ತಾನೆ. ಒಳಗೆ ಬರಬಾರದವರೆಲ್ಲ ಬಂದುಬಿಡುತ್ತಾರೆ. ದೇವರು ಅವನ ವಿಚಾರಣೆ ಮಾಡುತ್ತಾನೆ. ಇಂಥ ಕಾವ್ಯಗಳಲ್ಲೆಲ್ಲ ಒಂದು ವಿಚಿತ್ರವಿದೆ. ಕವಿ ಕೂರುವುದು ದೇವರನ್ನು ಹೊಗಳಲು, ಆದರೆ ಒಳ್ಳೆಯ ಮಾತುಗಳನ್ನೆಲ್ಲ ದೇವರ ಎದುರು ನಿಂತವನ ಬಾಯಿಗೆ ಹಾಕಿಬಿಡುತ್ತಾನೆ. ದೇವರು ಆಫೀಸಿನ ಸುತ್ತೋಲೆ ಓದಿದ ಹಾಗೆ ಮಾತಾಡುತ್ತಾನೆ. ಯಾಕೆ ಹೀಗೆ ಎಂಬುದೇ ನನ್ನ ಪ್ರಬಂಧ.

ಅಚ್ಚು ತೀರಾ ಹಳೆಯದು. ನಿನ್ನ ಕಾಗದಗಳನ್ನು ನನಗೆ ಓದಿ ಹೇಳುವ ಕಂಪ್ಯೂಟರಿನ ಹೆಂಗಸು, ನಮ್ಮ ಯಂತ್ರಮ್ಮ, ಇದನ್ನು ಓದಲು ಹೋಗಿ ತೊದಲುತ್ತಾಳೆ. ಗ್ರಂಥಾಲಯದವರು ಟೈಪ್ ಮಾಡಿಸಿಕೊಡುತ್ತೇವೆ ಎಂದಿದ್ದಾರೆ. ಅವರ ಮಾತು ನಂಬಿ ಕೂತರೆ ನನಗೆ ಗಡ್ಡ ನೆರೆಯುತ್ತದೆ. ಜನವರಿ ಕೊನೆಗೆ ಪ್ರಬಂಧ ಒಪ್ಪಿಸಬೇಕು. ಒಪ್ಪಿಗೆಯಾದರೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಈ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆಯೇ ನನ್ನ ಆಯುಸ್ಸು.

ಶಾಲೆಯ ಪುಸ್ತಕವೆಲ್ಲ ನೀನು ಓದಿ ಹೇಳಿದ್ದೇ ನನ್ನ ತಲೆಯಲ್ಲಿರುವುದು. ಇದೊಂದನ್ನು ಓದಿ ರೆಕಾರ್ಡ್ ಮಾಡಿ ಕಳಿಸು. ಎಲ್ಲರಿಗೂ ಒಂದೊಂದು ದನಿ ಕೊಡಬೇಕು, ಹಿಂದೆ ಕೊಡುತ್ತಿದ್ದ ಹಾಗೆ. ಫೋನ್ ಬೇಡ. ದಿನವಿಡೀ ಹಲೋ ಎಂದವನಿಗೆ ಸಂಜೆ ಅದನ್ನು ಮುಟ್ಟಲೂ ಮನಸ್ಸಾಗುವುದಿಲ್ಲ.

ನಿನ್ನ ತಮ್ಮ


ಜೂನ್ 24

ದೊರೆಗಳಿಗೆ,

ಅಪ್ಪಣೆಯಂತೆ ಮೊದಲ ಎರಡು ಕಾಂಡ ಕಳಿಸಿದ್ದೇನೆ. ಮನೆಯಲ್ಲಿ ಓದಲು ಹೋದೆ. ಒಂದು ಕಡೆ ಪಕ್ಕದ ಮನೆಯ ಮಿಕ್ಸಿ, ಇನ್ನೊಂದು ಕಡೆ ನಿನ್ನ ಭಾವನವರ ಕೆಮ್ಮು. ಸ್ವರ್ಗದಲ್ಲಿ ಇವೆರಡೂ ಇರಲಾರವು. ಈಗ ಶಾಲೆ ಬಿಟ್ಟ ಮೇಲೆ ಭೂಪಟ ಇಡುವ ಕೋಣೆಯಲ್ಲಿ ಕೂರುತ್ತೇನೆ. ಸುತ್ತಿಟ್ಟ ಭೂಪಟಗಳು ಪ್ರತಿಧ್ವನಿಯನ್ನು ನುಂಗಿಕೊಳ್ಳುತ್ತವೆ. ಎರಡು ಖಂಡಗಳ ನಡುವೆ ಕುರ್ಚಿ ಹಾಕಿಕೊಂಡು, ಮಕ್ಕಳಿಗೆ ದಿನವಿಡೀ ಇಂಗ್ಲಿಷ್ ಕಿರುಚಿ ಮುಗಿಸಿದ ಗಂಟಲಿನಲ್ಲಿ ದೇವರ ಮಾತಾಡುತ್ತೇನೆ.

ಬಾಗಿಲ ದೂತನ ದನಿ ಸುಲಭವಾಗಿ ಸಿಕ್ಕಿತು. ದೇವರದೇ ಕಷ್ಟ. ಮೊದಲು ನಮ್ಮ ಮುಖ್ಯೋಪಾಧ್ಯಾಯರ ದನಿ ಹಾಕಿ ನೋಡಿದೆ, ನಗು ತಡೆಯಲಾಗಲಿಲ್ಲ. ಆಮೇಲೆ ಯಾರ ದನಿ ಹಾಕಿದೆ ಎಂದು ನೀನೇ ಹೇಳು.

ಒಂದು ಮಾತು. ನಾನು ಮುಂದಿನದನ್ನು ಓದಿಟ್ಟುಕೊಳ್ಳುವುದಿಲ್ಲ. ನೀನು ಕೇಳಿದಷ್ಟೇ ನನಗೂ ಗೊತ್ತಿರಲಿ. ಗಂಟಲು ಸ್ವಲ್ಪ ಕಟ್ಟಿದೆ, ಹವೆ ಸರಿಯಿಲ್ಲ.

ಅಕ್ಕ


ಜುಲೈ 6

ಅಕ್ಕ,

ದೊಡ್ಡಪ್ಪ! ನೀನು ದೊಡ್ಡಪ್ಪನನ್ನು ಸ್ವರ್ಗದ ಸಿಂಹಾಸನದ ಮೇಲೆ ಕೂರಿಸಿಬಿಟ್ಟೆಯಲ್ಲ! "ಬಾಗಿಲು ತೆಗೆದಿಟ್ಟೋರು ಯಾರು?" ಎಂದು ಅವರು ಗುಡುಗಿದ ಕೂಡಲೇ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾರೆಂದು ಚೆನ್ನಾಗಿ ಗೊತ್ತಿದ್ದೂ ಕೇಳುವುದು ಅವರೊಬ್ಬರೇ. ಎಲ್ಲ ಬಲ್ಲ ದೇವರು ಪ್ರಶ್ನೆ ಯಾಕೆ ಕೇಳುತ್ತಾನೆ ಎಂದು ಪಂಡಿತರು ತಲೆ ಕೆರೆದುಕೊಳ್ಳುತ್ತಾರೆ. ದೊಡ್ಡಪ್ಪನ ಕೈಯಲ್ಲಿ ಬೆಳೆದವರಿಗೆ ಅದು ಪ್ರಶ್ನೆಯೇ ಅಲ್ಲ. ತಾನಾಗಿಯೇ ಹೇಳಲಿ ಎಂದು ಕೇಳುವುದು.

ನನ್ನ ಮೇಷ್ಟ್ರಿಗೆ ಒಂದು ತುಣುಕು ಕೇಳಿಸಿದೆ. "ಯಾರಯ್ಯಾ ಇವರು, ರೇಡಿಯೋದವರಾ?" ಎಂದರು. ನನ್ನ ಅಕ್ಕ, ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಎಂದೆ. ನನಗೆ ಎಷ್ಟು ಹೆಮ್ಮೆಯಾಯಿತೆಂದು ನಿನಗೆ ಗೊತ್ತಿಲ್ಲ. ನಿನ್ನ ಮುಖ ನನಗೆ ಈಗ ನೆನಪಿಲ್ಲ ಅಕ್ಕ, ಕಣ್ಣು ಹೋದಾಗ ನಾನು ಅಷ್ಟು ಚಿಕ್ಕವನು. ಅಕ್ಕ ಎಂದರೆ ನನಗೆ ಈ ದನಿಯೇ.

ಬೇಗ ಮುಂದಿನದು.

ತಮ್ಮ


ಆಗಸ್ಟ್ 19

ದೊರೆ,

ಮೂರರಿಂದ ಆರರವರೆಗೆ ಒಟ್ಟಿಗೆ ಕಳಿಸಿದ್ದೇನೆ. ತಡವಾಯಿತು. ನಾಲ್ಕನೆಯ ಕಾಂಡದಲ್ಲಿ ಬಾಗಿಲ ದೂತ ತನ್ನ ಪರವಾಗಿ ಮಾತಾಡುತ್ತಾನೆ, ಎಂಥ ಮಾತು! "ಹೊರಗೆ ಅಳು ಕೇಳಿಸುತ್ತಿರುವಾಗ ಒಳಗಿನ ಹಾಡು ಪಾಪ" ಎಂಬಂತೆ ಏನೋ ಹೇಳುತ್ತಾನೆ. ಓದಿ ನನ್ನ ಕಣ್ಣು ಒದ್ದೆಯಾಯಿತು. ಆದರೂ ಅವನು ಯಾಕೋ ಅಗತ್ಯಕ್ಕಿಂತ ಚೆನ್ನಾಗಿ ಮಾತಾಡುತ್ತಾನೆ. ತರಗತಿಯಲ್ಲಿ ಇಷ್ಟು ಚೆನ್ನಾಗಿ ಮಾತಾಡುವ ಹುಡುಗನನ್ನು ನಾನು ಸುಲಭವಾಗಿ ನಂಬುವುದಿಲ್ಲ.

ಇನ್ನೊಂದು ಸುದ್ದಿ. ನನಗೆ ಈಗ ತರಗತಿಯಿಲ್ಲ, ಶಾಲೆಯ ಗ್ರಂಥಾಲಯ ನೋಡಿಕೊಳ್ಳಲು ಹೇಳಿದ್ದಾರೆ. ಹಾಯಾಗಿದೆ. ಪುಸ್ತಕಗಳಿಗೆ "ಸುಮ್ನಿರ್ರೋ" ಎನ್ನಬೇಕಾಗಿಲ್ಲ.

ಮೊನ್ನೆ ನೀನು ಫೋನ್ ಮಾಡಿದ್ದೆಯಂತೆ. ನಾನು ಮಲಗಿದ್ದೆ. ನಾವು ಕಾಗದದಲ್ಲೇ ಇರೋಣ, ಇದೇ ಚೆನ್ನಾಗಿದೆ.

ಅಕ್ಕ


ಆಗಸ್ಟ್ 28

ಅಕ್ಕ,

ಅಂತೂ ನಿನಗೆ ಬಡ್ತಿ! ಇಷ್ಟು ವರ್ಷ ಗಂಟಲು ಹರಿದುಕೊಂಡದ್ದಕ್ಕೆ ಈಗಲಾದರೂ ಕಣ್ಣು ಬಿಟ್ಟರಲ್ಲ. ಭಾವನವರಿಂದ ಒಂದು ಸಿಹಿ ವಸೂಲಿ ಮಾಡು.

ಈಗ ಕೇಳು. ಐದು, ಆರನೆಯ ಕಾಂಡಗಳಲ್ಲಿ ನೀನು ದೇವರ ದನಿ ಬದಲಿಸಿದ್ದೀಯ. ದೊಡ್ಡಪ್ಪನ ಗುಡುಗು ಇಳಿದಿದೆ. ಮೊದಲು ನಿನ್ನ ಗಂಟಲೇ ಕಟ್ಟಿದೆ ಅಂದುಕೊಂಡೆ, ಆಮೇಲೆ ಅಲ್ಲವೆಂದು ಗೊತ್ತಾಯಿತು. ದೂತನ ದನಿಯೂ ಕಥೆ ಹೇಳುವ ದನಿಯೂ ಮೃದುವಾಗಿ ಹಾಗೇ ಇವೆ. ದೇವರದು ಮಾತ್ರ ಒರಟಾಗುತ್ತಿದೆ, ಉಸಿರು ಕಡಿಮೆಯಾಗುತ್ತಿದೆ. ಬೇಕೆಂದೇ ಮಾಡಿದ್ದು ತಾನೆ? ಕಾವ್ಯದಲ್ಲಿ ಏನನ್ನೋ ಹಿಡಿದಿದ್ದೀಯ. ನಾನು ಕಿವಿ ನಿಮಿರಿಸಿ ಕೂತಿದ್ದೇನೆ.

ತಮ್ಮ


ಅಕ್ಟೋಬರ್ 2

ಅಕ್ಕ,

ಹತ್ತನೆಯ ಕಾಂಡದವರೆಗೆ ಕೇಳಿದೆ. ಅವಸರದಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಯಂತ್ರಮ್ಮನನ್ನು ಬೈಯಬೇಡ.

ದೇವರು ದಣಿಯುತ್ತಿದ್ದಾನೆ! ಇದುವರೆಗೆ ಯಾರೂ ಇದನ್ನು ಕಂಡಿಲ್ಲ. ಮೊದಲ ಕಾಂಡದಲ್ಲಿ ಗುಡುಗಿದವನು ಏಳನೆಯದರಲ್ಲಿ ಮಾತಿನ ಕೊನೆಯನ್ನು ನುಂಗುತ್ತಾನೆ. ಒಂಬತ್ತರಲ್ಲಿ ಪಿಸುಗುಟ್ಟುತ್ತಾನೆ. ಹತ್ತರಲ್ಲಿ ದೂತನಿಗೆ, "ನಿನ್ನನ್ನು ಕ್ಷಮಿಸುವುದು ನನಗೆ ಕಷ್ಟವಲ್ಲ, ಬಾಗಿಲನ್ನು ಮತ್ತೆ ಮುಚ್ಚುವುದು ಕಷ್ಟ" ಎನ್ನುತ್ತಾನಲ್ಲ, ಅಲ್ಲಿ "ಮತ್ತೆ" ಎಂದಾದ ಮೇಲೆ ಒಂದು ಮೌನವಿದೆ. ಎಷ್ಟು ಉದ್ದದ ಮೌನ! ಆಮೇಲೆ "ಮುಚ್ಚುವುದು" ಎಂಬುದು ಬರೀ ಗಾಳಿಯಾಗಿ ಬರುತ್ತದೆ. ಆ ಮೌನದ ಮೇಲೆಯೇ ಒಂದು ಅಧ್ಯಾಯ ಬರೆದೆ. ತೀರ್ಪು ಕೊಟ್ಟೂ ಕೊಟ್ಟೂ ಸಾಕಾದ ದೇವರು. ಎಲ್ಲರ ಮೊರೆ ಕೇಳಬೇಕಾದವನಿಗೆ ತನ್ನ ಮೊರೆ ಹೇಳಿಕೊಳ್ಳಲು ಯಾರೂ ಇಲ್ಲ.

ಮೇಷ್ಟ್ರಿಗೆ ಅಧ್ಯಾಯ ಕೊಟ್ಟೆ. ಅವರು ಈ ಕಾವ್ಯ ಓದಿ ಯಾವ ಕಾಲವಾಯಿತೋ, ಆದರೂ ಮೇಜು ಕುಟ್ಟಿ, "ನಿನ್ನ ಕೆಲಸ ಆಯ್ತು ಅನ್ಕೋ. ಸಾಲುಗಳನ್ನ ತೋರಿಸಿಬಿಟ್ರೆ ಪರೀಕ್ಷಕರು ಬಾಯಿ ಬಿಡಲ್ಲ" ಎಂದರು. ಅಧ್ಯಾಯವನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಇದು ನಿನ್ನದೂ ಹೌದು.

ತಮ್ಮ


ಅಕ್ಟೋಬರ್ 17

ದೊರೆ,

ಅಧ್ಯಾಯ ಓದಿದೆ. ಎರಡು ಸಲ ಓದಿದೆ. ಚೆನ್ನಾಗಿ ಬರೆದಿದ್ದೀಯ. ಕೆಲವು ಕಡೆ ಕಾಗದ ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತುಬಂದೆ.

ಆದರೆ ಓದುವವಳ ಉಸಿರು ಬೇರೆ, ಬರೆದವನ ಉಸಿರು ಬೇರೆ. ನಾನು ನಿಲ್ಲಿಸಿದ ಕಡೆಯೆಲ್ಲ ಕವಿಯೂ ನಿಲ್ಲಿಸಿದ್ದಾನೆ ಎಂದುಕೊಳ್ಳಬೇಡ. ಪುಟ ತಿರುವಬೇಕಾಗಿರುತ್ತದೆ, ನೀರು ಕುಡಿಯಬೇಕಾಗಿರುತ್ತದೆ. ಗ್ರಂಥಾಲಯದವರ ಬೆನ್ನು ಹತ್ತಿ ಆ ಟೈಪ್ ಮಾಡಿದ ಪ್ರತಿ ತರಿಸಿಕೋ. ಅದನ್ನು ನೋಡದೆ ಒಪ್ಪಿಸಬೇಡ. ಇದು ನಿನ್ನ ಅಕ್ಕನ ಮಾತಲ್ಲ, ಇಂಗ್ಲಿಷ್ ಟೀಚರಿನ ಮಾತು.

ಅಕ್ಕ


ನವೆಂಬರ್ 11

ಅಕ್ಕ,

ಹೊಗಳಿದರೆ ಹಿಂದೆ ಸರಿಯುವುದು ನಿನ್ನ ಹಳೆಯ ಚಾಳಿ. ದೊಡ್ಡಮ್ಮ, ಹಾಲಿನವನು, ದೊಡ್ಡಪ್ಪ, ಎಲ್ಲರನ್ನೂ ಅಣಕಿಸಿ ಮನೆಯನ್ನು ನಗಿಸಿ, ಕೊನೆಗೆ "ನಾನೇನೂ ಮಾಡ್ಲಿಲ್ಲಪ್ಪ" ಎನ್ನುತ್ತಿದ್ದವಳಲ್ಲವೇ ನೀನು? ನೀರು ಕುಡಿಯುವ ಮೌನ ಯಾವುದು, ನಾಟಕದ ಮೌನ ಯಾವುದು ಎಂದು ನನಗೆ ಗೊತ್ತಾಗದೇ? ಫೋನಿನ ಒಂದು ಹಲೋ ಕೇಳಿದರೆ ಆ ಮನುಷ್ಯನ ಕಡೆಯ ರೋಗಿ ಬದುಕುತ್ತಾನೋ ಇಲ್ಲವೋ ಎಂದು ಹೇಳುವವನು ನಾನು.

ಆದರೆ ಒಂದು ಮಾತು ಹೇಳಲೇಬೇಕು. ನಿನ್ನ ಕಾಗದಗಳು ಚಿಕ್ಕವಾಗುತ್ತಿವೆ. ಹನ್ನೊಂದನೆಯ ಕಾಂಡ ಇನ್ನೂ ಬಂದಿಲ್ಲ. ಫೋನ್ ಮಾಡಿದರೆ ಭಾವ ಎತ್ತಿ "ಅವಳು ಹೊರಗೆ ಹೋಗಿದ್ದಾಳೆ" ಎನ್ನುತ್ತಾರೆ, ಹಿಂದೆ ನೀನು ಪಾತ್ರೆ ಎತ್ತಿಡುವ ಸದ್ದು ಕೇಳುತ್ತದೆ. ನಿನಗೆ ಬೇಜಾರಾಗಿದ್ದರೆ ಹೇಳಿಬಿಡು. ಕುರುಡು ತಮ್ಮನನ್ನು ಓದಿಸಿದ್ದು ಸಾಕು ಅನ್ನಿಸಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಬೇರೆ ಯಾರನ್ನಾದರೂ ಹುಡುಕಿಕೊಳ್ಳುತ್ತೇನೆ.

ತಮ್ಮ


ನವೆಂಬರ್ 26

ತಮ್ಮಾ,

ಹನ್ನೊಂದನೆಯದು ಕಳಿಸಿದ್ದೇನೆ. ಒಂದೊಂದು ಸಾಲು ಓದಿ, ಎದ್ದು ಹೋಗಿ, ಮತ್ತೆ ಬಂದು ಓದಿದ್ದು. ಜೋಡಿಸುವುದು ಕಷ್ಟವಾಯಿತು. ಹನ್ನೆರಡನೆಯದು ತಡವಾಗುತ್ತದೆ. ಕಾಯಬೇಡ.

ಬೇಜಾರಾಗಿಲ್ಲ ಕಣೋ. ಇಂಥ ಮಾತು ಇನ್ನೊಂದು ಸಲ ಬರೆಯಬೇಡ.

ನಾನು ಈಚೆಗೆ ಪ್ರಾರ್ಥನೆ ಮಾಡುವುದನ್ನು ಬಿಟ್ಟಿದ್ದೆ. ನಿನ್ನ ಅಧ್ಯಾಯ ಓದಿದ ಮೇಲೆ ಮತ್ತೆ ಕೂತೆ. ಏನೂ ಕೇಳಲಿಲ್ಲ. ದೇವರೇ ದಣಿದಿದ್ದರೆ ಕೇಳುವುದು ಹೇಗೆ? ಸುಮ್ಮನೆ ಎದುರುಬದುರು ಕೂತು ಎದ್ದುಬಂದೆ. ಹಿತವಾಗಿತ್ತು.

ಅಕ್ಕ


ಡಿಸೆಂಬರ್ 15

ಅಕ್ಕ,

ಗ್ರಂಥಾಲಯದಿಂದ ಟೈಪ್ ಮಾಡಿದ ಪ್ರತಿ ಬಂತು. ಸಾಲಿನ ಸಂಖ್ಯೆ ಗುರುತು ಹಾಕಿಕೊಳ್ಳೋಣವೆಂದು ಯಂತ್ರಮ್ಮನಿಗೆ ಹತ್ತನೆಯ ಕಾಂಡ ಓದಲು ಹೇಳಿದೆ.

ಅಲ್ಲಿ ಮೌನವೇ ಇಲ್ಲ. ಒಂದು ಅಲ್ಪವಿರಾಮವೂ ಇಲ್ಲ. "ಬಾಗಿಲನ್ನು ಮತ್ತೆ ಮುಚ್ಚುವುದು ಕಷ್ಟ" ಎಂದು ಒಂದೇ ಉಸಿರಿಗೆ ಹೇಳಿ ದೇವರು ಮುಂದಿನ ಆಜ್ಞೆಗೆ ಹೋಗುತ್ತಾನೆ. ಯಂತ್ರಮ್ಮನಿಗೆ ನಾಟಕ ಬರುವುದಿಲ್ಲ ಎಂದು ಏಳನ್ನು ಕೇಳಿದೆ, ಒಂಬತ್ತನ್ನು ಕೇಳಿದೆ. ಪಿಸುಮಾತಿಲ್ಲ, ನಿಟ್ಟುಸಿರಿಲ್ಲ. ಮೊದಲ ಕಾಂಡದಲ್ಲಿ ಹೇಗಿದ್ದನೋ ಕೊನೆಯವರೆಗೂ ಹಾಗೇ ಇದ್ದಾನೆ. ಅವನಿಗೆ ದಣಿವೆಂದರೇನೆಂದೇ ಗೊತ್ತಿಲ್ಲ.

ಆಮೇಲೆ ನಿನ್ನ ಹನ್ನೊಂದು ಕಾಂಡಗಳನ್ನೂ ಒಂದರ ಹಿಂದೊಂದು ಹಾಕಿ ಕೇಳಿದೆ. ಈ ಸಲ ದೇವರನ್ನು ಕೇಳಲಿಲ್ಲ. ಮಾತುಗಳ ನಡುವಿನದನ್ನು ಕೇಳಿದೆ. ಉಗುಳು ನುಂಗುವುದನ್ನು ಕೇಳಿದೆ. ಕೆಮ್ಮನ್ನು ಕತ್ತರಿಸಿ ತೆಗೆದ ಜಾಗಗಳನ್ನು ಕೇಳಿದೆ. ದೂತನದು ಮೆಲುದನಿ, ಅದು ಹೇಗೋ ಬರುತ್ತಿತ್ತು. ದೇವರಿಗೆ ದನಿ ಎತ್ತಬೇಕು, ಅಲ್ಲಿ ಮಾತ್ರ ಆಗುತ್ತಿರಲಿಲ್ಲ. ಗಂಟಲಿನ ಡಾಕ್ಟರಿಗೆ ದಿನಾ ಲೈನ್ ಕೊಡುವವನು ನಾನು. ಇಂಥ ದನಿಗಳನ್ನು ನಿತ್ಯ ಕೇಳುತ್ತೇನೆ, "ಒಂದ್ನಿಮಿಷ ಇರಿ ಅಮ್ಮಾ" ಎನ್ನುತ್ತೇನೆ. ನಿನ್ನದನ್ನು ಕೇಳಿ ಅಧ್ಯಾಯ ಬರೆದೆ. ನನ್ನ ಕಿವಿಗೆ ಬೆಂಕಿ ಹಾಕಬೇಕು.

ಪ್ರಬಂಧ ಹಾಳಾಗಿಹೋಗಲಿ. ನನಗೆ ಒಂದೇ ಮಾತಿಗೆ ಉತ್ತರ ಬೇಕು. ದೊಡ್ಡಪ್ಪನ ಹಾಗೆ, ಗೊತ್ತಿದ್ದೂ ಕೇಳುತ್ತಿದ್ದೇನೆ. ದಣಿದದ್ದು ಯಾರು, ಅಕ್ಕ?

ತಮ್ಮ


ಡಿಸೆಂಬರ್ 22

ತಮ್ಮಾ,

ನಾನೇ.

ಗಂಟಲಿನಲ್ಲಿ ಗಂಟಿದೆ. ಮಾತಾಡಲೇಬಾರದು ಎಂದು ಡಾಕ್ಟರು ಆಗಸ್ಟಿನಲ್ಲೇ ಹೇಳಿದ್ದರು. ಗ್ರಂಥಾಲಯಕ್ಕೆ ಹಾಕಿದ್ದು ಅದಕ್ಕೇ, ಬಡ್ತಿಯೂ ಇಲ್ಲ, ಮಣ್ಣೂ ಇಲ್ಲ. ಜನವರಿ ಹದಿನಾಲ್ಕಕ್ಕೆ ಆಪರೇಷನ್. ಗಂಟನ್ನು ತೆಗೆಯುತ್ತಾರೆ. ದನಿ ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರನ್ನು ಕೇಳಿದರೆ ಅವರು ನಿನ್ನ ಭಾವನ ಮುಖ ನೋಡಿದರು.

ಭಾವ ಬೈದರು. "ಆ ಪುಸ್ತಕಕ್ಕೋಸ್ಕರ ಗಂಟಲು ಕಳ್ಕೋತೀಯಾ?" ಎಂದರು. ನಾನು ಚೀಟಿಯಲ್ಲಿ ಬರೆದು ತೋರಿಸಿದೆ. ಈ ದನಿ ಹೇಗೂ ಖರ್ಚಾಗುವುದೇ. ಇಡೀ ಜೀವಮಾನ "ಸುಮ್ನಿರ್ರೋ, ಬೆಂಚಿಂದ ಇಳಿಯೋ" ಎಂದು ಖರ್ಚು ಮಾಡಿದ್ದೇನೆ. ಉಳಿದದ್ದನ್ನು ನನ್ನ ತಮ್ಮನಿಗೆ ಓದಿ ಹೇಳಿ ಮುಗಿಸುತ್ತೇನೆ ಎಂದು ಬರೆದೆ. ಅವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಹೋದರು.

ನಿನಗೆ ಹೇಳದಿದ್ದುದು ತಪ್ಪು ಎನ್ನುತ್ತೀಯ. ಹೇಳಿದ್ದರೆ ನೀನು ಓದಿಸುತ್ತಿರಲಿಲ್ಲ. ನಿನ್ನ ಅಧ್ಯಾಯ ಬಂದ ದಿನ ಹೇಳಿಬಿಡೋಣ ಎಂದು ಕೂತೆ, ಆಗಲಿಲ್ಲ. ನಿಜ ಹೇಳುತ್ತೇನೆ, ಆ ಅಧ್ಯಾಯ ನನಗೆ ಬಹಳ ಇಷ್ಟವಾಯಿತು. ಅಡುಗೆ, ಶಾಲೆ, ಮತ್ತೆ ಅಡುಗೆ, ಇಷ್ಟು ವರ್ಷದಲ್ಲಿ ನಾನು ದಣಿದಿದ್ದೇನೆ ಎಂದು ಯಾರೂ ಒಂದು ಸಾಲು ಬರೆದಿರಲಿಲ್ಲ. ನೀನು ಇಡೀ ಅಧ್ಯಾಯ ಬರೆದೆ, ದೇವರ ಹೆಸರಿನಲ್ಲಿ. ಯಾರ ಹೆಸರಾದರೇನು ಎಂದು ಬಚ್ಚಿಟ್ಟುಕೊಂಡು ಓದಿದೆ.

ನನಗೆ ಗಂಟಿನ ಹೆದರಿಕೆಯಿಲ್ಲ. ಬೇರೆ ಹೆದರಿಕೆ ಇದೆ. ನಾನು ಮಾತಾಡಲಾರೆ, ನೀನು ನೋಡಲಾರೆ. ಒಂದೇ ಕೋಣೆಯಲ್ಲಿ ಕೂತರೆ ನಾನು ಅಲ್ಲಿದ್ದೇನೆಂದು ನಿನಗೆ ಹೇಗೆ ಗೊತ್ತಾಗಬೇಕು?

ಹನ್ನೆರಡನೆಯ ಕಾಂಡ ಓದಲಾಗಲಿಲ್ಲ. ಮೂರು ಸಲ ಶುರು ಮಾಡಿದೆ. ಬಾಗಿಲ ದೂತ ಏನಾದ ಎಂದು ಕೊನೆಗೂ ತಿಳಿಯಲಿಲ್ಲ. ಈಗ ಕಣ್ಣಿನಲ್ಲಿ ಓದಬಹುದು, ಮನಸ್ಸಾಗುತ್ತಿಲ್ಲ. ಜೊತೆಯಲ್ಲಿ ಕೇಳುವುದೆಂದು ಮಾತಾಗಿತ್ತಲ್ಲ.

ಅಕ್ಕ


ಜನವರಿ 8

ಅಕ್ಕ,

ಕಾಗದದ ಜೊತೆ ಹನ್ನೆರಡನೆಯ ಕಾಂಡವಿದೆ. ಈ ಸಲ ಓದಿದವನು ನಾನು. ಯಂತ್ರಮ್ಮ ಒಂದು ಕಿವಿಯಲ್ಲಿ ಒಂದೊಂದು ಸಾಲು ಹೇಳುತ್ತಾಳೆ, ಅದನ್ನು ನಾನು ಹೇಳುತ್ತೇನೆ. ನಿನ್ನಷ್ಟು ಚೆನ್ನಾಗಿಲ್ಲ. ಟೆಲಿಫೋನ್ ಬೋರ್ಡಿನಲ್ಲಿ ಬಳಸಿ ಬಳಸಿ ನನ್ನ ದನಿ ಸವೆದ ಚಪ್ಪಲಿಯಂತಾಗಿದೆ. ನಗು ಬಂದರೆ ನಗು, ಸದ್ದು ಮಾಡಬೇಡ.

ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಮೊದಲು ಕೂಗಾಡಿದರು, ಆಮೇಲೆ "ಅಕ್ಕ ಹೇಗಿದ್ದಾರೆ?" ಎಂದರು. ಜನವರಿಗೆ ಒಪ್ಪಿಸುವುದಿಲ್ಲ. ಆರು ತಿಂಗಳು ಹೆಚ್ಚು ಸಿಕ್ಕಿದೆ. ಆ ಅಧ್ಯಾಯವನ್ನು ತೆಗೆದುಹಾಕಿದೆ ಅಂದುಕೊಂಡೆಯಾ? ಇಲ್ಲ. ಕೊನೆಯ ಕಾಂಡ ಓದಿದ ಮೇಲೆ ತೆಗೆಯಬೇಕಾಗಲಿಲ್ಲ, ತಿದ್ದಿದರೆ ಸಾಕಾಯಿತು. ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ.

ನಾಲ್ಕನೆಯ ಕಾಂಡದ ಆ ದೊಡ್ಡ ಭಾಷಣ ನೆನಪಿದೆಯಲ್ಲ, ಹೊರಗಿನ ಅಳು, ಒಳಗಿನ ಹಾಡು? ನಿನ್ನ ಅನುಮಾನವೇ ಸರಿ. ಅದು ಸುಳ್ಳು. ಅವನು ಬಂಡಾಯ ಮಾಡಿರಲಿಲ್ಲ. ಅವತ್ತು ಅವನಿಗೆ ನಿದ್ದೆ ಬಂದಿತ್ತು, ಅಷ್ಟೇ. ಲೋಕ ಹುಟ್ಟಿದಂದಿನಿಂದ ಬಾಗಿಲಿಗೆ ನಿಂತವನಿಗೆ ಒಂದು ರಾತ್ರಿ ಆಗಲಿಲ್ಲ. ಬೀಗದ ಕೈ ಹಿಡಿದುಕೊಂಡೇ ಬಾಗಿಲ ಪಕ್ಕದಲ್ಲಿ ಒರಗಿ ನಿದ್ದೆಹೋದ. ಸುಸ್ತಾಗಿತ್ತು ಎನ್ನಲು ನಾಚಿಕೆಯಾಗಿ, ಅಷ್ಟೆಲ್ಲ ಚೆನ್ನಾದ ಮಾತು ಹೇಳಿದ. ದೇವರ ಎದುರು ಎದೆಸೆಟೆಸಿ ನಿಲ್ಲುವವರಿಗೆ ಕವಿಗಳು ಯಾಕೆ ಅಷ್ಟು ಒಳ್ಳೆಯ ಮಾತು ಕೊಡುತ್ತಾರೆ ಎಂದು ನಾನು ಹುಡುಕುತ್ತಿದ್ದೆನಲ್ಲ, ಈ ಕವಿಯ ಉತ್ತರ ಇದು. ದಣಿದೆ ಎನ್ನುವ ಒಂದು ಮಾತು ಹೊರಗೆ ಬರದವರ ಬಾಯಲ್ಲಿ ಉಳಿದೆಲ್ಲ ಮಾತೂ ಬರುತ್ತದೆ. ಹವೆ ಸರಿಯಿಲ್ಲ, ಮಲಗಿದ್ದೆ, ಹಾಯಾಗಿದೆ, ಪುಸ್ತಕಗಳಿಗೆ ಸುಮ್ನಿರ್ರೋ ಎನ್ನಬೇಕಾಗಿಲ್ಲ.

ದಣಿವನ್ನು ನಾನು ಸರಿಯಾಗಿಯೇ ಕೇಳಿದ್ದೆ ಅಕ್ಕ. ಅದನ್ನು ಬೇರೆಯವರ ಲೆಕ್ಕಕ್ಕೆ ಬರೆದೆ.

ಹದಿಮೂರಕ್ಕೆ ಬಸ್ಸಿಗೆ ಬರುತ್ತೇನೆ. ಭಾವ ನಿಲ್ದಾಣಕ್ಕೆ ಬಂದರೆ ಸಾಕು. ಹದಿನಾಲ್ಕರಂದು ಆಪರೇಷನ್ ಕೋಣೆಯ ಬಾಗಿಲ ಹೊರಗೆ ಬೆಂಚಿನ ಮೇಲೆ ಇರುತ್ತೇನೆ. ಆಮೇಲೆ ವಾರ್ಡಿನಲ್ಲೂ ನಾನೇ. ನೀನು ಕೋಣೆಯಲ್ಲಿರುವುದು ನನಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದ್ದೀಯ. ನನ್ನ ಅಂಗೈ ನಿನ್ನ ಹಾಸಿಗೆಯ ಮೇಲೆ ಇಟ್ಟಿರುತ್ತೇನೆ. ಬೇಕಾದಾಗ ತಟ್ಟು. ಹೌದಿಗೆ ಒಂದು, ಇಲ್ಲಕ್ಕೆ ಎರಡು. ಬೈಯಬೇಕಾದರೆ ಗಿಲ್ಲು. ಚಿಕ್ಕಂದಿನಲ್ಲಿ ಕಾವಲಿಗೆ ಕೂತ ದೊಡ್ಡಪ್ಪನ ಮುಂದೆ ನಾವು ಹಾಗೆಯೇ ಮಾತಾಡಿಕೊಳ್ಳುತ್ತಿದ್ದೆವು, ಮರೆತೆಯಾ?

ಕೊನೆಯ ಕಾಂಡದಲ್ಲಿ ದೇವರು ವಿಚಾರಣೆ ಬಿಟ್ಟು ತಾನೇ ಬಾಗಿಲಿಗೆ ಇಳಿದು ಬರುತ್ತಾನೆ. ದೂತ ತಲೆತಗ್ಗಿಸಿ ನಿಂತಿರುತ್ತಾನೆ, ಶಿಕ್ಷೆಗೆ ಕಾಯುತ್ತ. ಅಲ್ಲಿ ದೇವರಿಗೆ ಯಾರ ದನಿ ಹಾಕಲಿ ಎಂದು ತುಂಬ ಯೋಚಿಸಿದೆ. ದೊಡ್ಡಪ್ಪನದು ನನಗೆ ಬರುವುದಿಲ್ಲ. ಕೊನೆಗೆ ನನ್ನದರಲ್ಲೇ ಓದಿದೆ. ಆ ಸಾಲುಗಳನ್ನು ಇಂಗ್ಲಿಷಿನಲ್ಲಿ ಓದಿ, ಕೆಳಗೆ ಕನ್ನಡದಲ್ಲೂ ಹೇಳಿದ್ದೇನೆ, ಕೇಳು: "ಬೀಗದ ಕೈ ಇಲ್ಲಿ ಕೊಡು. ಇವತ್ತು ಬಾಗಿಲಲ್ಲಿ ನಾನಿರ್ತೀನಿ. ನೀನು ಮಲಕ್ಕೋ."

ತಮ್ಮ